ಡೋನಟ್ಟಿನ ತೂತು, ವಡೆಯ ಚರಿತ್ರೆ

ನಮ್ಮವರ ಮದುವೆ ಮುಂಜಿಗಳ ಪಂಕ್ತಿಯಲ್ಲಿ, ಸಂಘದ ಸಭೆಗಳ ಚಹಾ ವಿರಾಮದಲ್ಲಿ, ಒಮ್ಮೊಮ್ಮೆ ಸ್ಮರಣ ಸಂಚಿಕೆಗಳ ಪುಟಗಳಲ್ಲಿಯೂ ಈಚೆಗೆ ಒಂದು ವಾದ ತಪ್ಪದೆ ಕೇಳಿಬರುತ್ತಿದೆ. ನಮ್ಮ ಮಕ್ಕಳು ಮಾಲುಗಳಲ್ಲಿ ದುಬಾರಿ ಬೆಲೆ ತೆತ್ತು ತಿನ್ನುವ ಡೋನಟ್ ಎಂಬ ತಿಂಡಿ ನಮ್ಮ ಉದ್ದಿನ ವಡೆಯ ಮೊಮ್ಮಗುವಂತೆ. ಆಕಾರ ಒಂದೇ, ನಡುವಿನ ತೂತೂ ಒಂದೇ, ಎಣ್ಣೆಯಲ್ಲಿ ಕರಿಯುವ ಕ್ರಮವೂ ಒಂದೇ. ನಮ್ಮಲ್ಲಿ ಸಾವಿರ ವರ್ಷಗಳಿಂದ ಇರುವುದಕ್ಕೆ ಪರದೇಶದವರು ಸಕ್ಕರೆ ಬಳಿದು, ಬೇರೆ ಹೆಸರಿಟ್ಟು, ನಮಗೇ ಮಾರುತ್ತಿದ್ದಾರೆ ಎಂಬುದು ಈ ವಾದದ ಸಾರಾಂಶ. ಹೇಳಿದವರಿಗೆ ಚಪ್ಪಾಳೆ ಬೀಳುತ್ತದೆ. ಕೇಳಿದವರು ಇನ್ನೊಂದು ವಡೆ ಹಾಕಿಸಿಕೊಳ್ಳುತ್ತಾರೆ.

ಇಂಥ ಮಾತಿನಿಂದ ಮನಸ್ಸಿಗೆ ಹಿತವಾಗುವುದು ಸಹಜ. ಊರು ಬಿಟ್ಟು ಬಂದವರಿಗೆ ಇಂತಹ ಹಿತ ಬೇಕಾಗಿಯೂ ಇರುತ್ತದೆ. ಆದರೆ ಹಿತ ಬೇರೆ, ಸಾಕ್ಷ್ಯ ಬೇರೆ. ಕೇಂದ್ರ ಸರಕಾರದ ಗುಮಾಸ್ತನಾಗಿ ಕಡತಗಳ ನಡುವೆ ಕಾಲ ಕಳೆದವನಿಗೆ ಒಂದು ಅಭ್ಯಾಸ ಅಂಟಿಕೊಳ್ಳುತ್ತದೆ. ಯಾರೇ ಯಾವ ಹಕ್ಕನ್ನು ಮಂಡಿಸಿದರೂ, ಅದಕ್ಕೆ ಲಗತ್ತಿಸಿದ ಕಾಗದ ಎಲ್ಲಿ ಎಂದು ಕೇಳುವ ಅಭ್ಯಾಸ ಅದು. ಕಾಲೇಜಿನಲ್ಲಿ ಬಿ.ಎಸ್‌ಸಿ. ಓದುವಾಗ ಪ್ರಯೋಗಶಾಲೆಯಲ್ಲಿ ಕಲಿಸಿದ್ದೂ ಅದನ್ನೇ. ಆದುದರಿಂದ ಡೋನಟ್ಟಿನ ಬಗೆಗೆ ಅಮೆರಿಕದವರು ಹೇಳಿಕೊಳ್ಳುವ ಕಥೆಯನ್ನೂ, ವಡೆಯ ಬಗೆಗೆ ನಾವು ಹೇಳಿಕೊಳ್ಳುವ ಕಥೆಯನ್ನೂ ಪಕ್ಕಪಕ್ಕದಲ್ಲಿಟ್ಟು ಪರಿಶೀಲಿಸುವುದು ಈ ಲೇಖನದ ಉದ್ದೇಶ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಎರಡೂ ಕಥೆಗಳಲ್ಲಿ ಇರುವ ದೋಷ ಒಂದೇ. ಎರಡೂ ಮೊದಲಿಗ ಯಾರು ಎಂದು ಹುಡುಕುತ್ತವೆ. ಹೊತ್ತು ತಂದವರು ಯಾರು ಎಂದು ಕೇಳುವುದಿಲ್ಲ.

ಮೊದಲು ಅವರ ಕಥೆ. ಅಮೆರಿಕದ ಮೇನ್ ಪ್ರಾಂತದ ಹ್ಯಾನ್ಸನ್ ಗ್ರೆಗರಿ ಎಂಬ ಹಡಗಿನ ಕಪ್ತಾನನೇ ಡೋನಟ್ಟಿಗೆ ತೂತು ಮಾಡಿದವನು ಎಂದು ಅಲ್ಲಿ ಪ್ರಸಿದ್ಧಿ. 1847ರಲ್ಲಿ, ತಾನು ಹದಿನಾರು ವರ್ಷದ ಹುಡುಗನಾಗಿ ಹಡಗಿನಲ್ಲಿ ದುಡಿಯುತ್ತಿದ್ದಾಗ, ಕರಿದ ಹಿಟ್ಟಿನ ಉಂಡೆಗಳ ಅಂಚು ಬೆಂದರೂ ನಡುವೆ ಹಸಿಯಾಗಿಯೇ ಉಳಿಯುವುದನ್ನು ಕಂಡು, ಮೆಣಸಿನ ಪುಡಿಯ ತಗಡಿನ ಡಬ್ಬಿಯ ಮುಚ್ಚಳದಿಂದ ನಡುಭಾಗವನ್ನು ಕತ್ತರಿಸಿ ತೆಗೆದೆನೆಂದು ಅವನು ತನ್ನ ಮುಪ್ಪಿನಲ್ಲಿ, 1916ರಲ್ಲಿ, ಪತ್ರಿಕೆಯವರಿಗೆ ಹೇಳಿದ. ಘಟನೆಗೂ ಹೇಳಿಕೆಗೂ ನಡುವೆ ಸುಮಾರು ಎಪ್ಪತ್ತು ವರ್ಷ! ಸಾಕ್ಷಿಯೂ ಅವನೇ, ಹಕ್ಕುದಾರನೂ ಅವನೇ. ಅವನ ಹುಟ್ಟೂರಾದ ರಾಕ್‌ಪೋರ್ಟಿನಲ್ಲಿ ಇದಕ್ಕೊಂದು ಸ್ಮಾರಕ ಫಲಕವೂ ಇದೆ. 1941ರಲ್ಲಿ ನ್ಯೂಯಾರ್ಕಿನ ಆಸ್ಟರ್ ಹೋಟೆಲಿನಲ್ಲಿ ಈ ತೂತಿನ ಮೂಲವನ್ನು ಕುರಿತು ಒಂದು ಚರ್ಚಾಸ್ಪರ್ಧೆಯೇ ನಡೆಯಿತು. ಅಲ್ಲಿಯ ಮೂಲನಿವಾಸಿಯೊಬ್ಬನ ಬಾಣ ತಗುಲಿ ಹಿಟ್ಟಿನ ಬಿಲ್ಲೆಗೆ ತೂತಾಯಿತೆಂಬುದು ಪ್ರತಿಪಕ್ಷದ ವಾದ. ತೀರ್ಪುಗಾರರು ಕಪ್ತಾನನ ಪರವಾಗಿ ತೀರ್ಪಿತ್ತರು. ನಮ್ಮ ಸಂಘಗಳ ವಾರ್ಷಿಕೋತ್ಸವದ ಚರ್ಚಾಸ್ಪರ್ಧೆಗಳನ್ನು ಕಂಡವರಿಗೆ ಇಂತಹ ತೀರ್ಪುಗಳ ಬೆಲೆ ಗೊತ್ತಿದೆ. ಮನರಂಜನೆಗೆ ಕೊರತೆಯಿಲ್ಲ, ಚರಿತ್ರೆಗೆ ಪ್ರಯೋಜನವಿಲ್ಲ.

ತೂತಿನ ವಿಷಯದಲ್ಲಿ ಕಪ್ತಾನನಿಗಿಂತ ಭೌತಶಾಸ್ತ್ರವೇ ಹೆಚ್ಚು ನಂಬಲರ್ಹ ಸಾಕ್ಷಿ. ಬಾಣಲೆಯ ಕಾದ ಎಣ್ಣೆ ಸುಮಾರು 180 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ಹಿಟ್ಟಿನ ಮೇಲ್ಭಾಗ ಬೇಗ ಕಾದು, ನೀರು ಆವಿಯಾಗಿ ಹೋಗಿ, ಕೆಂಪು ಹೊರಪದರವಾಗುತ್ತದೆ. ಒಳಭಾಗದಲ್ಲಿ ನೀರಿನ ಅಂಶ ಇರುವವರೆಗೆ ಅಲ್ಲಿಯ ಶಾಖ 100 ಡಿಗ್ರಿಯ ಆಸುಪಾಸಿನಲ್ಲೇ ನಿಲ್ಲುತ್ತದೆ. ಶಾಖ ಒಳಗಿನ ತಿರುಳಿಗೆ ತಲುಪಲು ಬೇಕಾಗುವ ಕಾಲ ದಪ್ಪದ ವರ್ಗಕ್ಕೆ ಅನುಗುಣವಾಗಿ ಹೆಚ್ಚುತ್ತದೆ. ನಾಲ್ಕು ಸೆಂಟಿಮೀಟರ್ ದಪ್ಪದ ಮುದ್ದೆಯನ್ನು ಎರಡು ಸೆಂಟಿಮೀಟರ್ ದಪ್ಪದ ಬಳೆಯಾಗಿ ಮಾಡಿದರೆ, ಬೇಯುವ ಕಾಲ ಸುಮಾರು ಕಾಲುಭಾಗಕ್ಕೆ ಇಳಿಯುತ್ತದೆ. ಬಳೆಯ ಒಳಗೂ ಹೊರಗೂ ಎಣ್ಣೆ ಮುಟ್ಟುವುದರಿಂದ ಗರಿಗರಿಯಾದ ಭಾಗವೂ ಹೆಚ್ಚು. ಈ ಲೆಕ್ಕ ತಿಳಿಯದ ನಮ್ಮ ಅಜ್ಜಿಯರು ಬಾಳೆಲೆಯ ಮೇಲೆ ಹಿಟ್ಟು ತಟ್ಟಿ, ಒದ್ದೆ ಬೆರಳಿನಿಂದ ನಡುವೆ ಒತ್ತುತ್ತಿದ್ದರು. ಕೋಡುಬಳೆಗೂ ಇದೇ ನ್ಯಾಯ. ತುರ್ಕಿಯವರ ಸಿಮಿತ್, ಪೂರ್ವ ಯುರೋಪಿನ ಯೆಹೂದಿಗಳ ಬೇಗಲ್ ಇವೆಲ್ಲ ಬೇರೆ ಬೇರೆ ವಿಧಾನದಲ್ಲಿ ಬೇಯುವ ಬಳೆಗಳೇ. ಒಂದೇ ಕಷ್ಟ ಎದುರಾದಾಗ ನಾಲ್ಕು ದೇಶದ ಅಡಿಗೆಮನೆಗಳು ಒಂದೇ ಉಪಾಯ ಕಂಡುಕೊಂಡರೆ ಅದರಲ್ಲಿ ಆಶ್ಚರ್ಯವಿಲ್ಲ. ಪರೀಕ್ಷೆಯಲ್ಲಿ ಇಬ್ಬರು ಹುಡುಗರ ಉತ್ತರ ಸರಿಯಾಗಿದ್ದು ಒಂದೇ ಆಗಿದ್ದರೆ, ಅಷ್ಟರಿಂದಲೇ ಒಬ್ಬ ಇನ್ನೊಬ್ಬನನ್ನು ನೋಡಿ ಬರೆದನೆಂದು ಹೇಳಲಾಗದು.

ಆಕಾರವನ್ನು ಬಿಟ್ಟು ಒಳಗಿನ ವಸ್ತುವನ್ನು ನೋಡಿದರೆ ಎರಡಕ್ಕೂ ನೆಂಟಸ್ತಿಕೆ ಇನ್ನೂ ದೂರ. ಡೋನಟ್ ಗೋಧಿಯ ಮೈದಾದಿಂದ ಆದದ್ದು. ಅದನ್ನು ಉಬ್ಬಿಸುವುದು ಯೀಸ್ಟ್ ಅಥವಾ ಬೇಕಿಂಗ್ ಪೌಡರ್. ಗಾಳಿಯನ್ನು ಹಿಡಿದಿಡುವುದು ಗೋಧಿಯ ಅಂಟು. ವಡೆಗೆ ಉದ್ದಿನ ಬೇಳೆಯನ್ನು ನೆನೆಸಿ ರುಬ್ಬಬೇಕು. ಉದ್ದಿನ ಪ್ರೋಟೀನು ಮತ್ತು ಅದರ ಲೋಳೆಯಂತಹ ಅಂಶ ಎರಡೂ ಸೇರಿ, ರುಬ್ಬುವಾಗ ಒಳಸೇರಿದ ಗಾಳಿಯನ್ನು ನೊರೆಯಂತೆ ಹಿಡಿದಿಡುತ್ತವೆ. ಹಿಟ್ಟಿನ ಒಂದು ಚೂರನ್ನು ನೀರಿಗೆ ಹಾಕಿ, ತೇಲಿದರೆ ಹದ ಬಂತೆಂದು ಹೇಳುವ ನಮ್ಮ ಮನೆಯ ಹೆಂಗಸರು ಸಾಂದ್ರತೆಯ ಪ್ರಯೋಗವನ್ನೇ ಮಾಡುತ್ತಿರುತ್ತಾರೆ. ಹೀಗಿರುವಾಗ ವಡೆಯನ್ನು ಡೋನಟ್ಟಿನ ಅಜ್ಜಿ ಎನ್ನುವುದು, ಇಬ್ಬರೂ ಕನ್ನಡಕ ಹಾಕಿದ್ದಾರೆಂದು ಅವರನ್ನು ಅಣ್ಣತಮ್ಮಂದಿರೆಂದು ಕರೆದಂತೆ.

ಹಾಗಾದರೆ ಡೋನಟ್ ಎಲ್ಲಿಂದ ಬಂತು? ಕರಿದ ಹಿಟ್ಟಿನ ಉಂಡೆಗಳಿಗೆ ಒಬ್ಬನೇ ತಂದೆ ಎಲ್ಲಿಯೂ ಇಲ್ಲ. ಕ್ರಿಸ್ತಪೂರ್ವ ಎರಡನೆಯ ಶತಮಾನದಲ್ಲಿ ರೋಮಿನ ಕೇಟೋ ಬರೆದ ಕೃಷಿ ಗ್ರಂಥದಲ್ಲಿ, ಗಿಣ್ಣು ಮತ್ತು ಹಿಟ್ಟಿನ ಉಂಡೆಗಳನ್ನು ಕರಿದು ಜೇನು ಸವರಿ ಗಸಗಸೆ ಹಚ್ಚುವ ವಿಧಾನ ಇದೆ. ಅರಬರ ಜಲಾಬಿಯ ಎಂಬ ಕರಿದ ತಿಂಡಿಯ ಹೆಸರೇ ನಮ್ಮ ದೇಶಕ್ಕೆ ಬಂದು ಜಿಲೇಬಿಯಾಯಿತು. ಪೋಲೆಂಡಿಗೆ ಒಂದು, ಜರ್ಮನಿಗೆ ಒಂದು, ಹಾಲೆಂಡಿಗೆ ಒಂದು ಎಂಬಂತೆ ಯುರೋಪಿನಲ್ಲಿ ಪ್ರತಿ ನಾಡಿಗೂ ಒಂದೊಂದು ಕರಿದ ಉಂಡೆ ಇದೆ. ಹಳೆಯ ನ್ಯೂಯಾರ್ಕಿನಲ್ಲಿ ನೆಲೆಸಿದ್ದ ಡಚ್ಚರ ಎಣ್ಣೆ ಕಡುಬನ್ನು ವಾಷಿಂಗ್ಟನ್ ಇರ್ವಿಂಗ್ ತನ್ನ 1809ರ ವಿನೋದ ಚರಿತ್ರೆಯಲ್ಲಿ ವರ್ಣಿಸಿ, ಅದಕ್ಕೆ ಡೋನಟ್ ಎಂಬ ಹೆಸರನ್ನೂ ಕೊಟ್ಟಿದ್ದಾನೆ. ಗಮನಿಸಬೇಕಾದ ಸಂಗತಿ, ಅವನು ಹೇಳುವುದು ಉಂಡೆಯನ್ನು. ತೂತಿನ ಸುದ್ದಿ ಅಲ್ಲಿಲ್ಲ. ಅಂದರೆ ಆರಂಭದಲ್ಲಿಯೇ ಇದು ವಲಸೆ ಬಂದವರ ತಿಂಡಿ. ಮನೆ ಬಿಟ್ಟು ಬಂದವರು ತಮ್ಮೊಡನೆ ತಂದ ಬಾಯಿರುಚಿ.

ಅದು ಲೋಕಪ್ರಸಿದ್ಧವಾದದ್ದು ತೀರ ಈಚೆಗೆ. ಆ ಮಜಲುಗಳಿಗೆ ದಾಖಲೆಗಳಿವೆ. ಮೊದಲನೆಯದು ಯುದ್ಧ. 1917ರಲ್ಲಿ ಸಾಲ್ವೇಶನ್ ಆರ್ಮಿಯ ಸೇವಕಿಯರು ಫ್ರಾನ್ಸಿನ ರಣರಂಗದ ಬಳಿ ಅಮೆರಿಕದ ಸೈನಿಕರಿಗೆ ಡೋನಟ್ ಕರಿದು ಹಂಚಿದರು. ಹೆಲೆನ್ ಪರ್ವಿಯನ್ಸ್ ಮತ್ತು ಮಾರ್ಗರೆಟ್ ಶೆಲ್ಡನ್ ಎಂಬ ಇಬ್ಬರು ಮಹಿಳೆಯರ ಹೆಸರನ್ನು ಅಲ್ಲಿಯ ಜನ ಈಗಲೂ ನೆನೆಯುತ್ತಾರೆ. ಸೈನಿಕರು ಮನೆಗೆ ಮರಳಿದಾಗ ಆ ರುಚಿಯೂ ಜೊತೆಗೆ ಮರಳಿತು. ಅವರ ನೆನಪಿಗಾಗಿ 1938ರಲ್ಲಿ ಶಿಕಾಗೋದಲ್ಲಿ ಆರಂಭವಾದ ಡೋನಟ್ ದಿನ ಜೂನ್ ತಿಂಗಳ ಮೊದಲ ಶುಕ್ರವಾರ ಇಂದಿಗೂ ನಡೆಯುತ್ತದೆ. ಎರಡನೆಯದು ಯಂತ್ರ. ಯುರೋಪಿನಿಂದ ವಲಸೆ ಬಂದು ನ್ಯೂಯಾರ್ಕಿನಲ್ಲಿ ಬೇಕರಿ ಇಟ್ಟುಕೊಂಡಿದ್ದ ಅಡಾಲ್ಫ್ ಲೆವಿಟ್ 1920ರಲ್ಲಿ ತಾನಾಗಿಯೇ ಬಳೆ ಬಿಟ್ಟು, ಕರಿದು, ಹೊರಗೆ ಹಾಕುವ ಯಂತ್ರವನ್ನು ಮಾಡಿಸಿದ. ಯಂತ್ರದ ಜೊತೆಗೆ ಅಳತೆ ಮಾಡಿದ ಒಣ ಹಿಟ್ಟಿನ ಮಿಶ್ರಣವನ್ನೂ ಮಾರಿದ. ಮೂರನೆಯದು ಸರಪಣಿ ಅಂಗಡಿಗಳು. 1937ರಲ್ಲಿ ಕ್ರಿಸ್ಪಿ ಕ್ರೀಮ್, 1950ರಲ್ಲಿ ಡಂಕಿನ್ ಡೋನಟ್ಸ್, 1964ರಲ್ಲಿ ಕೆನಡಾದ ಟಿಮ್ ಹಾರ್ಟನ್ಸ್. 1971ರಲ್ಲಿ ಮಿಸ್ಟರ್ ಡೋನಟ್ ಜಪಾನಿಗೆ ಕಾಲಿಟ್ಟಿತು.

ನಾಲ್ಕನೆಯ ಮಜಲು ನಮ್ಮಂಥವರ ಮನಸ್ಸಿಗೆ ಎಲ್ಲಕ್ಕಿಂತ ಹತ್ತಿರವಾದದ್ದು. 1975ರಲ್ಲಿ ಕಾಂಬೋಡಿಯಾ ದೇಶ ಖಮೇರ್ ರೂಜ್ ಪಡೆಗಳ ಕೈಗೆ ಬಿದ್ದಾಗ ಟೆಡ್ ನ್ಗೋಯ್ ಎಂಬಾತ ಹೆಂಡತಿ ಮಕ್ಕಳೊಡನೆ ನಿರಾಶ್ರಿತನಾಗಿ ಕ್ಯಾಲಿಫೋರ್ನಿಯಾ ಸೇರಿದ. ಡೋನಟ್ ಅಂಗಡಿಯೊಂದರಲ್ಲಿ ತರಬೇತಿ ಪಡೆದು, 1977ರಲ್ಲಿ ಸ್ವಂತ ಅಂಗಡಿ ಕೊಂಡ. ತರುವಾಯ ತನ್ನ ದೇಶದಿಂದ ಓಡಿಬಂದ ಕುಟುಂಬಗಳನ್ನು ಕರೆಸಿ, ಕೆಲಸ ಕಲಿಸಿ, ಅಂಗಡಿಗಳಲ್ಲಿ ಕೂರಿಸಿದ. ಅವನು ಜೂಜಿಗೆ ಬಿದ್ದು ಎಲ್ಲವನ್ನೂ ಕಳೆದುಕೊಂಡದ್ದು ಬೇರೆ ಕಥೆ. ಆದರೆ ಕ್ಯಾಲಿಫೋರ್ನಿಯಾದ ಬೀದಿಬದಿಯ ಡೋನಟ್ ಅಂಗಡಿಗಳಲ್ಲಿ ಬಹುಪಾಲು ಈ ಕಾಂಬೋಡಿಯಾದವರ ಕೈಗೆ ಬಂದವು. ಬೆಳಗಿನ ಜಾವ ಎದ್ದು ಹಿಟ್ಟು ಕಲಸುವ ತಂದೆ, ಗಲ್ಲಾದಲ್ಲಿ ಕುಳಿತ ತಾಯಿ, ಅಂಗಡಿಯ ಹಿಂದುಗಡೆ ಕುಳಿತು ಶಾಲೆಯ ಪಾಠ ಬರೆಯುವ ಮಕ್ಕಳು. ಇದನ್ನು ಓದುವಾಗ ಮಾಟುಂಗ, ದಾದರ್, ಘಾಟ್ಕೋಪರುಗಳ ಉಡುಪಿ ಹೋಟೆಲುಗಳು ನೆನಪಾಗದೆ ಇರಲು ಸಾಧ್ಯವೇ?

ಇನ್ನು ನಮ್ಮ ಕಥೆ. ಪ್ರಾಚೀನತೆಗೆ ನಮ್ಮಲ್ಲಿ ಕಾಗದಪತ್ರ ಇದೆ, ಅದನ್ನು ಅಲ್ಲಗಳೆಯುವಂತಿಲ್ಲ. ಹತ್ತನೆಯ ಶತಮಾನದ ವಡ್ಡಾರಾಧನೆಯಲ್ಲಿ ಇಡ್ಡಲಿಗೆಯ ಹೆಸರಿದೆ. ಹನ್ನೊಂದನೆಯ ಶತಮಾನದ ಲೋಕೋಪಕಾರದಲ್ಲಿ ಎರಡನೆಯ ಚಾವುಂಡರಾಯ ಅಡಿಗೆಯ ವಿಷಯವನ್ನು ಹೇಳಿದ್ದಾನೆ. ಹದಿನಾರನೆಯ ಶತಮಾನದ ಮೂರನೆಯ ಮಂಗರಸ ಸೂಪಶಾಸ್ತ್ರವೆಂದು ಒಂದು ಇಡೀ ಗ್ರಂಥವನ್ನೇ ಬರೆದ. ವಡೆಯ ಮಟ್ಟಿಗೆ ಎಲ್ಲರೂ ಉದಾಹರಿಸುವುದು, ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ಬರೆದ ಮಾನಸೋಲ್ಲಾಸವನ್ನು. ಅದರ ಅನ್ನಭೋಗದ ಪ್ರಕರಣದಲ್ಲಿ ವಟಕ ಇದೆ, ಅದನ್ನು ಹಾಲಿನಲ್ಲಿ, ಮೊಸರಿನಲ್ಲಿ ನೆನೆಸುವ ಕ್ರಮವೂ ಇದೆ.

ಆದರೆ ಹಳೆಯ ಹೆಸರು ಸಿಕ್ಕಿದೊಡನೆ ಇಂದಿನ ತಿಂಡಿಯೇ ಸಿಕ್ಕಿತೆಂದು ತಿಳಿಯಬಾರದು. ಈ ಎಚ್ಚರವನ್ನು ನಮಗೆ ಕಲಿಸಿದವರು ನಮ್ಮವರೇ ಆದ ಡಾ. ಕೆ. ಟಿ. ಅಚಯ. ಎಣ್ಣೆಯ ರಸಾಯನಶಾಸ್ತ್ರದಲ್ಲಿ ವಿಜ್ಞಾನಿಯಾಗಿದ್ದು, ಅನಂತರ ಭಾರತೀಯ ಆಹಾರದ ಇತಿಹಾಸವನ್ನು ಬರೆದವರು. ಹಳೆಯ ಗ್ರಂಥಗಳ ಇಡ್ಡಲಿಗೆಗೆ ಅಕ್ಕಿ ಸೇರಿಸಿದ, ಹುಳಿ ಬರಿಸಿದ, ಹಬೆಯಲ್ಲಿ ಬೇಯಿಸಿದ ಸೂಚನೆ ಕಾಣುವುದಿಲ್ಲವೆಂದು ತೋರಿಸಿ, ಇಂದಿನ ಇಡ್ಲಿಯ ಕ್ರಮ ಇಂಡೋನೇಷ್ಯಾದಿಂದ ಬಂದಿರಬಹುದೆಂದು ಅವರು ಊಹಿಸಿದರು. ಅವರ ಊಹೆಯನ್ನು ಒಪ್ಪದವರು ಅನೇಕರಿದ್ದಾರೆ. ಊಹೆ ನಿಲ್ಲಲಿ ಬಿಡಲಿ, ಹೆಸರಿನ ಹಿಂದಿರುವ ಪದಾರ್ಥವನ್ನು ಬಿಡಿಸಿ ನೋಡುವ ಅವರ ಕ್ರಮ ಮಾತ್ರ ನಿಲ್ಲುವಂಥದು. ನಮ್ಮ ಸ್ಮರಣ ಸಂಚಿಕೆಗಳ ಲೇಖಕರು ಹೆಚ್ಚಾಗಿ ಆ ಕ್ರಮವನ್ನು ಬಿಟ್ಟು, ಹೆಸರುಗಳ ಪಟ್ಟಿಯನ್ನು ಮಾತ್ರ ಒಬ್ಬರಿಂದೊಬ್ಬರು ಎತ್ತಿಕೊಳ್ಳುತ್ತ ಬಂದಿದ್ದಾರೆ.

ಈ ಬಗೆಯ ವಾದ ಎಷ್ಟು ಸುಲಭವೆಂಬುದಕ್ಕೆ ನಾನು ಈಗ ನೌಕರಿಯ ನಿಮಿತ್ತ ಇರುವ ಚಾಂದವಡ್ ಊರೇ ಒಳ್ಳೆಯ ಉದಾಹರಣೆ. ನಾಸಿಕ ಜಿಲ್ಲೆಯ ಈ ತಾಲೂಕು ಕೇಂದ್ರ ಮುಂಬಯಿ–ಆಗ್ರಾ ಹೆದ್ದಾರಿಯ ಮೇಲಿದೆ. ಬೆಟ್ಟದ ಮೇಲೆ ಕೋಟೆ, ಬಂಡೆಯಲ್ಲಿ ಕೊರೆದ ಜೈನ ಗುಹೆ, ರೇಣುಕಾ ದೇವಿಯ ಗುಡಿ, ಅಹಲ್ಯಾಬಾಯಿ ಹೋಳ್ಕರರ ಕಾಲದ ರಂಗಮಹಲ್, ಸುತ್ತಲೂ ಈರುಳ್ಳಿಯ ಹೊಲ. ಸವದತ್ತಿ, ಚಂದ್ರಗುತ್ತಿಗಳನ್ನು ಬಲ್ಲ ಕನ್ನಡಿಗನಿಗೆ ರೇಣುಕೆಯ ಗುಡಿ ಕಂಡಾಗ ಪರವೂರೆನಿಸುವುದಿಲ್ಲ. ಅಷ್ಟೇ ಅಲ್ಲ. ದೇವಗಿರಿಯ ಸೇವುಣರ ಮೂಲಪುರುಷ ದೃಢಪ್ರಹಾರನ ಚಂದ್ರಾದಿತ್ಯಪುರ ಇದೇ ಚಾಂದವಡ್ ಎಂದು ಇತಿಹಾಸಕಾರರು ಗುರುತಿಸುತ್ತಾರೆ. ಈ ಸೇವುಣರು ಮೊದಲು ರಾಷ್ಟ್ರಕೂಟರಿಗೂ ಆಮೇಲೆ ಕಲ್ಯಾಣದ ಚಾಲುಕ್ಯರಿಗೂ ಸಾಮಂತರಾಗಿದ್ದರು. ಅವರ ಶಾಸನಗಳಲ್ಲಿ ಅನೇಕವು ಕನ್ನಡದಲ್ಲಿವೆ. ರಾಷ್ಟ್ರಕೂಟ ಕೃಷ್ಣನು ಕಡೆಯಿಸಿದ ಎಲ್ಲೋರದ ಕೈಲಾಸ ದೇವಾಲಯವೂ ದೇವಗಿರಿಯ ಕೋಟೆಯೂ ಇಲ್ಲಿಂದ ಕೆಲವೇ ಗಂಟೆಗಳ ದಾರಿಯಲ್ಲಿ, ಛತ್ರಪತಿ ಸಂಭಾಜಿನಗರದ ಬಳಿ ಇವೆ.

ಇಷ್ಟು ಸಾಮಗ್ರಿ ಕೈಯಲ್ಲಿದ್ದರೆ ಒಂದು ಚೆಂದದ ಕಥೆ ಕಟ್ಟುವುದು ಕಷ್ಟವೇ? ವಟಕವನ್ನು ವರ್ಣಿಸಿದ ಸೋಮೇಶ್ವರ ಸೇವುಣರ ಒಡೆಯ. ಸೇವುಣರ ಮೂಲ ಊರು ಚಾಂದವಡ್. ಇಂದು ಚಾಂದವಡ್ ಹೆದ್ದಾರಿಯ ಹೋಟೆಲಿನಲ್ಲಿ ವಡೆ ಸಿಗುತ್ತದೆ. ಆದುದರಿಂದ ಒಂಬೈನೂರು ವರ್ಷಗಳಿಂದ ಇಲ್ಲಿ ಕನ್ನಡಿಗರ ವಡೆ ಬೇಯುತ್ತಿದೆ! ಪ್ರತಿ ವಾಕ್ಯವೂ ಬೇರೆ ಬೇರೆಯಾಗಿ ಸರಿ, ಕೊನೆಯ ವಾಕ್ಯ ಮಾತ್ರ ಬರಿಯ ಗಾಳಿ. ಡೋನಟ್ಟಿನ ಮೇಲೆ ನಾವು ಮಂಡಿಸುವ ಹಕ್ಕು ಇದೇ ಜಾತಿಯದು.

ನಿಜವಾದ ಸಾಕ್ಷ್ಯ ಹೆದ್ದಾರಿಯ ಹೋಟೆಲಿನ ತಿಂಡಿಪಟ್ಟಿಯಲ್ಲಿಯೇ ಇದೆ. ಅಲ್ಲಿ ಮರಾಠಿಯಲ್ಲಿ 'ಮೇದು ವಡಾ' ಎಂದು ಬರೆದಿರುತ್ತದೆ. ಬಡಿಸುವ ಹುಡುಗನನ್ನು 'ಮೇದು' ಅಂದರೆ ಏನೆಂದು ಕೇಳಿದೆ. "ಅದು ಹೆಸರು ಸಾಹೇಬ್, ಸೌತ್‌ನವರು ಹಾಗೆನ್ನುತ್ತಾರೆ" ಎಂದ. ಮೆದು ಎಂದರೆ ಮೃದು ಎಂದು ನಮ್ಮ ಮಕ್ಕಳಲ್ಲಿಯೂ ಎಷ್ಟು ಮಂದಿ ಬಲ್ಲರು? ತಮಿಳಿನಲ್ಲಿಯೂ ಈ ಪದ ಇರುವುದರಿಂದ ನಾವೊಬ್ಬರೇ ಅದಕ್ಕೆ ಒಡೆಯರೆನ್ನಲಾರೆವು. ಆದರೆ ಬಟಾಟೆ ವಡೆಯ ನಾಡಿನಲ್ಲಿ ಇದನ್ನು ಬೇರೆಯಾಗಿ ಗುರುತಿಸಲು ದಕ್ಷಿಣದ ಒಂದು ಗುಣವಾಚಕ ಬೇಕಾಯಿತು. ವಡೆಯ ಪಕ್ಕದಲ್ಲಿ ತೆಂಗಿನಕಾಯಿ ಚಟ್ನಿ ಇರುತ್ತದೆ, ಸಾಂಬಾರು ಇರುತ್ತದೆ. ತೆಂಗು ಚಾಂದವಡ್‌ನ ಬೆಳೆಯಲ್ಲ. ಹೆಸರು, ಚಟ್ನಿ, ಸಾಂಬಾರು ಈ ಮೂರೂ ಒಂದೇ ಕಡೆಗೆ ಬೆರಳು ತೋರಿಸುತ್ತವೆ. ಈ ವಡೆ ಬಂದದ್ದು ಕಲ್ಯಾಣದ ಅರಮನೆಯಿಂದ ಅಲ್ಲ, ದಕ್ಷಿಣದವರ ಹೋಟೆಲುಗಳಿಂದ. ಮುಖ್ಯವಾಗಿ ಮುಂಬಯಿಯಲ್ಲಿ ನೆಲೆಯೂರಿದ ಉಡುಪಿಯವರ ಅಡಿಗೆಮನೆಗಳಿಂದ, ಲಾರಿಗಳೂ ಬಸ್ಸುಗಳೂ ಓಡಾಡುವ ರಸ್ತೆಯನ್ನು ಹಿಡಿದು.

ಆ ಅಡಿಗೆಮನೆಗಳ ಚರಿತ್ರೆಯನ್ನು ನಾವು ಎಷ್ಟು ಬರೆದಿಟ್ಟಿದ್ದೇವೆ? ಯಜಮಾನರ ಹೆಸರುಗಳು ಕೆಲವು ಉಳಿದಿವೆ. 1942ರಲ್ಲಿ ಮಾಟುಂಗದಲ್ಲಿ ಊಟದ ಮನೆ ತೆರೆದ ರಾಮ ನಾಯಕರ ಹೆಸರು, ಮದರಾಸಿನಲ್ಲಿ ವುಡ್‌ಲ್ಯಾಂಡ್ಸ್ ಕಟ್ಟಿದ ಕೃಷ್ಣರಾಯರ ಹೆಸರು ಎಲ್ಲರಿಗೂ ಗೊತ್ತು. ಅದು ಸರಿಯೇ. ಆದರೆ ದಕ್ಷಿಣ ಕನ್ನಡದಿಂದ ಹತ್ತು ಹನ್ನೆರಡನೆಯ ವಯಸ್ಸಿನಲ್ಲಿ ಬಂದು, ಕಪ್ಪು ಬಸಿ ತೊಳೆದು, ಮಾಣಿಯಾಗಿ, ಆಮೇಲೆ ಬಾಣಲೆಯ ಮುಂದೆ ನಿಂತ ಹುಡುಗರ ಹೆಸರುಗಳು ಎಲ್ಲಿವೆ? 1974ರ ಭೂಸುಧಾರಣೆಯ ತಿದ್ದುಪಡಿಯ ಬಳಿಕ ಜಮೀನು ಕಳೆದುಕೊಂಡ ಮನೆಗಳಿಂದಲೂ ಬಹಳ ಮಂದಿ ಇದೇ ಉದ್ಯೋಗಕ್ಕೆ ಬಂದರು. ಹಗಲು ಹೋಟೆಲು, ರಾತ್ರಿ ಕನ್ನಡ ರಾತ್ರಿ ಶಾಲೆ; ಮಲಗಲು ಹೋಟೆಲಿನ ಬೆಂಚು. ಮುಂಬಯಿ ಕನ್ನಡಿಗರಲ್ಲಿ ಹೆಸರು ಮಾಡಿದ ಎಷ್ಟೋ ಮಂದಿ ಆ ಬೆಂಚಿನಿಂದ ಎದ್ದು ಬಂದವರು. 1966ರಲ್ಲಿ ಶಿವಸೇನೆ ಹುಟ್ಟಿದ ಮೇಲಿನ ವರ್ಷಗಳಲ್ಲಿ ದಕ್ಷಿಣದವರ ವಿರುದ್ಧ ಚಳವಳಿ ನಡೆದಾಗ ಉಡುಪಿ ಹೋಟೆಲುಗಳ ಮೇಲೆ ಕಲ್ಲು ಬಿತ್ತು. ಮರುದಿನ ಬಾಗಿಲು ತೆರೆದು ಒಲೆ ಹಚ್ಚಿದವರೂ ಇದೇ ಹುಡುಗರು.

ಅದೇ ಸುಮಾರಿಗೆ ದಾದರ್ ನಿಲ್ದಾಣದ ಹೊರಗೆ ಬಟಾಟೆ ವಡೆಯನ್ನು ಪಾವಿನ ನಡುವೆ ಇಟ್ಟು ಮಾರಿದ ಅಶೋಕ್ ವೈದ್ಯ ಎಂಬವರ ಹೆಸರನ್ನು ಮರಾಠಿ ಜನ ಅಭಿಮಾನದಿಂದ ನೆನೆಯುತ್ತಾರೆ. ಒಂದು ಕೈಗಾಡಿಯ ವ್ಯಾಪಾರಿಗೆ ಅವರು ಚರಿತ್ರೆಯಲ್ಲಿ ಜಾಗ ಕೊಟ್ಟಿದ್ದಾರೆ. ಅಮೆರಿಕದವರು ಕಪ್ತಾನನ ಕಟ್ಟುಕಥೆಯನ್ನು ಹೇಳಿಕೊಂಡರೂ, ಪರ್ವಿಯನ್ಸ್, ಲೆವಿಟ್, ನ್ಗೋಯ್ ಇವರ ಹೆಸರನ್ನು ಬರೆದಿಟ್ಟಿದ್ದಾರೆ. ನಮ್ಮ ಬಳಿ ಇರುವುದು ಒಬ್ಬ ಅರಸನ ಹೆಸರು. ಆ ಅರಸನ ಅಡಿಗೆಯವನ ಹೆಸರು ಮಾನಸೋಲ್ಲಾಸ ನಮಗೆ ಉಳಿಸಿಕೊಟ್ಟಿಲ್ಲ. ಒಂಬೈನೂರು ವರ್ಷದ ಹಿಂದಿನವರನ್ನು ಇದಕ್ಕೆ ದೂರುವುದರಲ್ಲಿ ಅರ್ಥವಿಲ್ಲ. ಆದರೆ ನಮ್ಮ ಕಣ್ಣೆದುರಿಗೇ ಐವತ್ತು ವರ್ಷ ವಡೆ ಕರಿದವನ ಹೆಸರು ನಮಗೆ ಗೊತ್ತಿಲ್ಲವೆಂದರೆ ದೂರು ನಮ್ಮ ಮೇಲೆಯೇ ಬರುತ್ತದೆ.

ಈ ಚರಿತ್ರೆಯನ್ನು ಬರೆಯುವಾಗ ಸವಿಯಾದದ್ದನ್ನು ಮಾತ್ರ ಆರಿಸಿಕೊಳ್ಳಬಾರದು. ಹಳೆಯ ಕಾಲದ ಎಷ್ಟೋ ಹೋಟೆಲುಗಳ ಬೋರ್ಡಿನ ಮೇಲೆ ಬ್ರಾಹ್ಮಣರದೆಂಬ ವಿಶೇಷಣ ಇರುತ್ತಿತ್ತು; ಅಡಿಗೆಮನೆಗೆ ಯಾರು ಹೋಗಬಹುದು, ಎಂಜಲು ಯಾರು ಎತ್ತಬೇಕು ಎಂಬುದನ್ನು ಜಾತಿ ನಿರ್ಧರಿಸುತ್ತಿತ್ತು. ಎಳೆಯ ಹುಡುಗರ ದುಡಿಮೆಗೆ ಗಂಟೆಯ ಲೆಕ್ಕ ಇರಲಿಲ್ಲ, ವಾರದ ರಜೆ ಇರಲಿಲ್ಲ. ಮುಂದೆ ಬಂಟರೂ ಬಿಲ್ಲವರೂ ಇತರರೂ ಯಜಮಾನರಾದ ಮೇಲೆ ಈ ಲೋಕ ಬದಲಾಯಿತು. ವಡೆಯ ಹೆಸರಿನಲ್ಲಿ ಅಭಿಮಾನ ಪಡುವವರು ಈ ಭಾಗವನ್ನೂ ಓದಬೇಕು. ಅಭಿಮಾನಕ್ಕೆ ಅದರಿಂದ ಕುಂದಿಲ್ಲ. ಅಷ್ಟು ಕಷ್ಟದಿಂದ ಮೇಲೆ ಬಂದವರ ಮೇಲಿನ ಗೌರವ ಹೆಚ್ಚುತ್ತದೆ.

ಇನ್ನೊಂದು ಪ್ರಶ್ನೆಗೆ ಉತ್ತರಿಸದೆ ಮುಗಿಸುವಂತಿಲ್ಲ. ವಡೆ ಡೋನಟ್ಟಿನಷ್ಟು ಲೋಕವ್ಯಾಪಿ ಏಕಾಗಲಿಲ್ಲ? ನಮ್ಮಲ್ಲಿ ಪ್ರಚಾರ ಸಾಲದು ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಕಾರಣ ಪದಾರ್ಥದಲ್ಲಿಯೇ ಇದೆ. ಸಕ್ಕರೆಯ ಲೇಪವಿರುವ ಡೋನಟ್ ಬೆಳಿಗ್ಗೆ ಕರಿದರೆ ಸಂಜೆಯವರೆಗೆ ತಿನ್ನಲು ಬರುತ್ತದೆ, ಪೆಟ್ಟಿಗೆಯಲ್ಲಿಟ್ಟು ಒಯ್ಯಬಹುದು, ನಂಜಿಕೊಳ್ಳಲು ಏನೂ ಬೇಡ. ವಡೆ ಬಾಣಲೆಯಿಂದ ತೆಗೆದ ಅರ್ಧ ಗಂಟೆಯೊಳಗೆ ತನ್ನ ಗುಣ ಬಿಡುತ್ತದೆ, ಜೊತೆಗೆ ಚಟ್ನಿ ಸಾಂಬಾರು ಬೇಕು. ಮೈದಾಕ್ಕೆ ಒಣ ಮಿಶ್ರಣ ಮಾಡುವುದು ಸುಲಭ. ಉದ್ದನ್ನು ನೆನೆಸಿ ರುಬ್ಬಿದರೇ ರುಚಿ. ಲೆವಿಟ್ 1920ರಲ್ಲಿ ಮಾಡಿದ್ದನ್ನು ವಡೆಗೆ ಮಾಡಲು ನಮ್ಮವರಿಗೆ ಹೆಚ್ಚು ಕಡಿಮೆ ನೂರು ವರ್ಷ ಹಿಡಿಯಿತು. ಬೆಂಗಳೂರಿನ ಐಡಿ ಫ್ರೆಶ್ ಕಂಪನಿ, ಒತ್ತಿದರೆ ತೂತಿನ ಸಮೇತ ವಡೆಯಾಗಿ ಬಾಣಲೆಗೆ 'ಬೀಳುವ' ರುಬ್ಬಿದ ಹಿಟ್ಟಿನ ಪೊಟ್ಟಣವನ್ನು ಪೇಟೆಗೆ ತಂದದ್ದು 2018ರ ಸುಮಾರಿಗೆ. 1924ರಲ್ಲಿ ಹೋಟೆಲಾಗಿ ಹುಟ್ಟಿದ ಎಂ.ಟಿ.ಆರ್. ಹೆಸರಿನ ಸಿದ್ಧಮಿಶ್ರಣಗಳ ಕಂಪನಿ 2007ರಲ್ಲಿ ನಾರ್ವೆಯ ಓರ್ಕ್ಲಾ ಸಂಸ್ಥೆಯ ಪಾಲಾಯಿತು. ನಮ್ಮದು ಅವರದು ಎಂಬ ಗೆರೆ ವ್ಯಾಪಾರದಲ್ಲಿ ಎಲ್ಲಿ ಉಳಿದಿದೆ?

ಅತ್ತ ಡೋನಟ್ಟಿಗೂ ನಮ್ಮ ದೇಶದಲ್ಲಿ ಹಾದಿ ಸುಗಮವಾಗಲಿಲ್ಲ. 2012ರಲ್ಲಿ ದೆಹಲಿಯಲ್ಲಿ ಮೊದಲ ಅಂಗಡಿ ತೆರೆದ ಡಂಕಿನ್ ಡೋನಟ್ಸ್ ಇಲ್ಲಿಯವರ ನಾಲಿಗೆಗಾಗಿ ಬರ್ಗರುಗಳನ್ನೂ ಮಾರಬೇಕಾಯಿತು, ಅನಂತರ ಹಲವು ಅಂಗಡಿಗಳನ್ನು ಮುಚ್ಚಲೂಬೇಕಾಯಿತು. ಇನ್ನೊಂದು ಕಂಪನಿ ಮೊಟ್ಟೆಯಿಲ್ಲದ ಡೋನಟ್ ಎಂದು ಸಾರಿಕೊಂಡು ಗಿರಾಕಿಗಳನ್ನು ಗಳಿಸಿತು. ಬೆಳಗಿನ ಹೊತ್ತು ಖಾರ, ಬಿಸಿ, ಆವಿಯಾಡುವ ತಿಂಡಿ ಬೇಕೆನ್ನುವ ಜನಕ್ಕೆ ಸಕ್ಕರೆಯ ಬಳೆ ಸಂಜೆಯ ಮೋಜು ಮಾತ್ರ. ವಡೆಗೆ ಅದರಿಂದ ಅಪಾಯವೇನೂ ಇಲ್ಲ. ಮಕ್ಕಳು ಡೋನಟ್ ತಿಂದರೆಂದು ಕೋಪಿಸಿಕೊಳ್ಳುವ ಕಾರಣವೂ ಇಲ್ಲ.

ಅಪಾಯ ಇರುವುದು ನೆನಪಿಗೆ. 1950ರ, 60ರ ದಶಕಗಳಲ್ಲಿ ಹುಡುಗರಾಗಿ ಬಂದವರು ಇಂದು ಎಪ್ಪತ್ತು ಎಂಬತ್ತು ದಾಟಿದ್ದಾರೆ. ಹಳೆಯ ಹೋಟೆಲುಗಳು ಎಷ್ಟೋ ಬಾರುಗಳಾದವು, ಎಷ್ಟೋ ಕಟ್ಟಡಗಳಾದವು. ರಾತ್ರಿ ಶಾಲೆಗಳ ಹಾಜರಿ ಪುಸ್ತಕಗಳು ಯಾವ ಅಟ್ಟದ ಮೇಲಿವೆಯೋ ಹೇಳುವವರಿಲ್ಲ. ಸೋಮೇಶ್ವರನ ಗ್ರಂಥ ಮುದ್ರಣವಾಗಿದೆ, ಅದು ಎಲ್ಲಿಗೂ ಓಡಿಹೋಗುವುದಿಲ್ಲ. ಈ ಹಿರಿಯರ ಮಾತು ಹಾಗಲ್ಲ. ಪ್ರತಿ ವರ್ಷ ಕೆಲವರೊಡನೆ ಕೆಲವು ಅಧ್ಯಾಯಗಳು ಕಾಣೆಯಾಗುತ್ತಿವೆ.

ಆದುದರಿಂದ ಸಂಪಾದಕರಲ್ಲಿ ಮತ್ತು ಓದುಗ ಬಂಧುಗಳಲ್ಲಿ ನನ್ನದೊಂದು ಸೂಚನೆ. ನಮ್ಮ ಪತ್ರಿಕೆಯಲ್ಲಿ ಪ್ರತಿ ತಿಂಗಳು ಎರಡು ಪುಟಗಳನ್ನು ಇದಕ್ಕಾಗಿ ತೆಗೆದಿಡಬಹುದು. ಮನೆಯಲ್ಲಿ, ನೆರೆಯಲ್ಲಿ ಹೋಟೆಲಿನಲ್ಲಿ ದುಡಿದ ಹಿರಿಯರಿದ್ದರೆ ಯುವಕರು ಅವರ ಬಳಿ ಕುಳಿತು, ಅವರ ಒಪ್ಪಿಗೆ ಪಡೆದು, ನಾಲ್ಕೇ ಪ್ರಶ್ನೆ ಕೇಳಲಿ. ಯಾವ ಊರಿನಿಂದ, ಯಾವ ವರ್ಷ ಬಂದಿರಿ? ಕೆಲಸ ಕಲಿಸಿದವರು ಯಾರು? ಮೊದಲ ಸಂಬಳ ಎಷ್ಟು? ಒಂದು ದಿನಕ್ಕೆ ಎಷ್ಟು ಸೇರು ಉದ್ದು ರುಬ್ಬುತ್ತಿದ್ದಿರಿ? ಉತ್ತರಗಳನ್ನು ಅಲಂಕಾರವಿಲ್ಲದೆ, ಅವರದೇ ಮಾತಿನಲ್ಲಿ ಅಚ್ಚು ಮಾಡಿದರೆ ಸಾಕು. ಹನ್ನೆರಡು ತಿಂಗಳಲ್ಲಿ ಇಪ್ಪತ್ತು ಮಂದಿಯ ಮಾತು ಕೂಡಿದರೂ, ವಡೆಯ ಬಗೆಗೆ ಈವರೆಗಿನ ಎಲ್ಲ ಸ್ಮರಣ ಸಂಚಿಕೆಗಳೂ ಸೇರಿ ಹೇಳಿದ್ದಕ್ಕಿಂತ ಹೆಚ್ಚಿನ ಚರಿತ್ರೆ ನಮ್ಮ ಕೈಯಲ್ಲಿರುತ್ತದೆ. ಡೋನಟ್ ಮೊದಲೋ ವಡೆ ಮೊದಲೋ ಎಂಬ ಚರ್ಚೆಯನ್ನು ಆಮೇಲೆ ವಾರ್ಷಿಕೋತ್ಸವದ ವೇದಿಕೆಯ ಮೇಲೆ ಧಾರಾಳವಾಗಿ ಇಟ್ಟುಕೊಳ್ಳೋಣ.